ತಂದೆಯ ಕೊನೆಯ ಮಾತು ಮತ್ತು ಬರಿಗಾಲಿನ ನಾಯಕ: ಡಾ. ತಾಲಿಮೆರೆನ್ ಆವೊ

ಪರೀಕ್ಷೆಗಳು ಸಮೀಪಿಸುತ್ತಿದ್ದಂತೆ ವಾಡಿ, ಶಹಾಬಾದ್‌ಗಳ ರೈಲ್ವೆ ಮತ್ತು ಸಿಮೆಂಟ್ ಕಾಲೊನಿಗಳ ಮನೆಗಳಲ್ಲಿ ಮೊದಲು ಅಟ್ಟ ಸೇರುವ ವಸ್ತು ಮಕ್ಕಳ ಚೆಂಡು. ಸೇಡಂ, ಚಿತ್ತಾಪುರ, ಚಿಂಚೋಳಿಗಳಲ್ಲೂ ಇದೇ ಕಥೆ. ಮಗ ಡಾಕ್ಟರಾಗಬೇಕು, ಮಗಳು ಎಂಜಿನಿಯರಾಗಬೇಕು ಎಂಬ ಆಸೆಯುಳ್ಳ ತಂದೆತಾಯಿಗಳಿಗೆ ಆಟವೆಂದರೆ ಓದಿನ ಸಮಯವನ್ನು ಕದಿಯುವ ಕಳ್ಳ. ದಿನವಿಡೀ ದುಡಿದು ಮಕ್ಕಳ ಶುಲ್ಕ ಹೊಂದಿಸುವ ಹಿರಿಯರ ಆತಂಕವನ್ನು ನಾವು ಹಗುರವಾಗಿ ಕಾಣುವಂತಿಲ್ಲ. ಆದರೆ ಆಟ ಮತ್ತು ಓದು ನಿಜವಾಗಿಯೂ ಪರಸ್ಪರ ವೈರಿಗಳೇ? ತಂದೆಯ ಆಸೆ ಮಗನ ಬದುಕಿಗೆ ಹೊರೆಯಾಗುವುದು ಯಾವಾಗ, ವರವಾಗುವುದು ಯಾವಾಗ? ಈ ಪ್ರಶ್ನೆಗಳಿಗೆ ತರ್ಕದಿಂದ ಉತ್ತರಿಸುವುದಕ್ಕಿಂತ ಒಂದು ಬಾಳನ್ನು ಕಣ್ಣಮುಂದೆ ಇಟ್ಟುಕೊಳ್ಳುವುದು ಲೇಸು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ತಂಡದ ನಾಯಕರಾಗಿ, ಅನಂತರ ತಮ್ಮ ಬೆಟ್ಟದ ಜನರ ವೈದ್ಯರಾಗಿ ಬಾಳಿದ ಡಾ. ತಾಲಿಮೆರೆನ್ ಆವೊ ಅವರ ಬಾಳು ಅದು. ಕ್ರೀಡಾಲೋಕ ಅವರನ್ನು ಟಿ. ಆವೊ ಎಂದು ಬಲ್ಲದು.

ಈಗಿನ ನಾಗಾಲ್ಯಾಂಡ್ ರಾಜ್ಯದ ಮೊಕೊಕ್‌ಚುಂಗ್ ಜಿಲ್ಲೆಯ ಚಾಂಗ್ಕಿ ಎಂಬ ಗ್ರಾಮದಲ್ಲಿ 1918ರ ಜನವರಿ 28ರಂದು ಅವರು ಜನಿಸಿದರು. ಆಗ ಅದು ಬ್ರಿಟಿಷರ ಆಳ್ವಿಕೆಯ ಅಸ್ಸಾಮಿಗೆ ಸೇರಿದ್ದ ನಾಗಾ ಬೆಟ್ಟಗಳ ಪ್ರದೇಶ. ನಾಗಾ ಜನರಲ್ಲಿ ಆವೊ ಎಂಬುದು ಒಂದು ಪಂಗಡದ ಹೆಸರು. ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿಗಳು 1872ರ ಸುಮಾರಿಗೆ ಆ ಬೆಟ್ಟಗಳನ್ನೇರಿ ಶುಭಸಂದೇಶವನ್ನು ಸಾರಿದ್ದರು. 1894ರಲ್ಲಿ ಇಂಪುರ್ ಎಂಬಲ್ಲಿ ಅವರ ಮಿಷನ್ ಕೇಂದ್ರ ನೆಲೆಗೊಂಡಿತು. ತಾಲಿಮೆರೆನರ ತಂದೆ ಆ ಕೇಂದ್ರದ ಸಭಾಪಾಲಕರಾಗಿದ್ದ ರೆವರೆಂಡ್ ಸುಬೊಂಗ್‌ವಾಟಿ. ಹನ್ನೆರಡು ಮಕ್ಕಳ ತುಂಬು ಸಂಸಾರ, ತಾಲಿಮೆರೆನ್ ನಾಲ್ಕನೆಯವರು. ಸಭಾಪಾಲಕರ ಮನೆಯಲ್ಲಿ ಪ್ರಾರ್ಥನೆಗೆ ಕೊರತೆಯಿರಲಿಲ್ಲ, ಆದರೆ ಅಷ್ಟು ಮಕ್ಕಳಿಗೆ ಆಟದ ಸಾಮಾನು ಕೊಡಿಸುವ ಸಿರಿವಂತಿಕೆಯೂ ಇರಲಿಲ್ಲ. ಇಂಪುರ್ ಮಿಷನ್ನಿನ ಅಂಗಳದಲ್ಲಿ ಚಿಂದಿ ಬಟ್ಟೆಗಳನ್ನು ಸುತ್ತಿ ಕಟ್ಟಿದ ಉಂಡೆಯೇ ಹುಡುಗರ ಚೆಂಡು. ಮುಂದೆ ಒಂದು ದೇಶವನ್ನೇ ಮೈದಾನಕ್ಕೆ ಕರೆದೊಯ್ದ ನಾಯಕ ಕಾಲಿನ ಹಿಡಿತವನ್ನು ಕಲಿತದ್ದು ಆ ಚಿಂದಿ ಚೆಂಡಿನಿಂದ.

ಮುಂದಿನ ವಿದ್ಯಾಭ್ಯಾಸಕ್ಕಾಗಿ ಹುಡುಗನು ಬೆಟ್ಟವಿಳಿದು ಅಸ್ಸಾಮಿನ ಜೋರ್‌ಹಾಟ್‌ನ ಮಿಷನ್ ಶಾಲೆಗೆ ಬಂದನು. ಅಲ್ಲಿ ಓದಿನೊಡನೆ ಆಟವೂ ಬೆಳೆಯಿತು. ಫುಟ್‌ಬಾಲ್ ಮಾತ್ರವಲ್ಲದೆ ಇತರ ಆಟಗಳಲ್ಲಿಯೂ ಮುಂದಾಳಾದನು. ಅಷ್ಟರಲ್ಲಿ 1935ರಲ್ಲಿ ಮನೆಗೆ ಸಿಡಿಲೆರಗಿತು. ಸಭಾಪಾಲಕರಾಗಿದ್ದ ತಂದೆ ಟೈಫಾಯಿಡ್ ಜ್ವರಕ್ಕೆ ತುತ್ತಾಗಿ ತೀರಿಕೊಂಡರು. ಮಗನಿಗೆ ಆಗ ಹದಿನೇಳು ವರ್ಷ. ತಾಲಿಮೆರೆನ್ ವೈದ್ಯನಾಗಬೇಕು, ವೈದ್ಯನಾಗಿ ತನ್ನ ಜನರ ಸೇವೆ ಮಾಡಬೇಕು ಎಂಬುದು ತಂದೆಯ ಕೊನೆಯ ಆಸೆಯಾಗಿತ್ತು.

ಓದುಗರು ಇಲ್ಲಿ ಕ್ಷಣಕಾಲ ನಿಂತು ಯೋಚಿಸಬೇಕು. ಆ ಕಾಲದಲ್ಲಿ ಟೈಫಾಯಿಡ್‌ಗೆ ಇಂದಿನಂತಹ ಔಷಧಿಗಳಿರಲಿಲ್ಲ. ಶುಶ್ರೂಷೆ, ಪಥ್ಯ ಮತ್ತು ದೇವರ ದಯೆಯ ಮೇಲೆಯೇ ರೋಗಿಯ ಉಳಿವು ನಿಂತಿತ್ತು. ಅದಕ್ಕೆ ಫಲಕಾರಿಯಾದ ಔಷಧಿ ಬಂದದ್ದು ಹದಿಮೂರು ವರ್ಷಗಳ ಬಳಿಕ, 1948ರ ಸುಮಾರಿಗೆ. ಆತ್ಮಗಳ ಪಾಲನೆಗಾಗಿ ಬಾಳನ್ನು ಮುಡಿಪಾಗಿಟ್ಟ ತಂದೆಯು ಮಗನಿಂದ ಬಯಸಿದ್ದು ದೇಹಗಳ ಪಾಲನೆಯನ್ನು. ಆ ಬಯಕೆಯಲ್ಲಿ ಮನೆತನದ ಪ್ರತಿಷ್ಠೆಯ ಮಾತಿರಲಿಲ್ಲ, ಸಂಪಾದನೆಯ ಮಾತೂ ಇರಲಿಲ್ಲ. ಮಗನು ಏನಾಗಬೇಕೆಂದು ಹೇಳುವುದರ ಜೊತೆಗೆ ಯಾರಿಗಾಗಿ ಆಗಬೇಕೆಂಬುದನ್ನೂ ಅವರು ಹೇಳಿದ್ದರು. ಆಸೆ ಹೊರೆಯಾಗುವುದಕ್ಕೂ ವರವಾಗುವುದಕ್ಕೂ ಇರುವ ಅಂತರ ಇಲ್ಲಿಯೇ ಇದೆ.

ತಂದೆಯನ್ನು ಕಳೆದುಕೊಂಡ ಯುವಕನ ಮುಂದಿದ್ದ ದಾರಿ ಉದ್ದವಾಗಿತ್ತು. ಗುವಾಹಟಿಯ ಕಾಟನ್ ಕಾಲೇಜಿನಲ್ಲಿ ವಿಜ್ಞಾನ ವಿಷಯದಲ್ಲಿ ಅವರು ಓದು ಮುಂದುವರಿಸಿದರು. ಅಲ್ಲಿ ಕಾಲೇಜಿನ ಹೆಸರಾಂತ ಕ್ರೀಡಾಪಟುವಾಗಿ, ನಗರದ ಮಹಾರಾಣಾ ಕ್ಲಬ್ಬಿನ ಆಟಗಾರನಾಗಿ ಮಿಂಚಿದರು. ಮೊದಲು ಮುನ್ನಡೆಯಲ್ಲಿ ಗೋಲು ಹೊಡೆಯುವ ಆಟಗಾರರಾಗಿದ್ದವರು ಕ್ರಮೇಣ ಹಿಂದೆ ಸರಿದು, ಮೈದಾನದ ನಡುವೆ ನಿಂತು ಎದುರಾಳಿಗಳ ದಾಳಿಯನ್ನು ತಡೆದು ತಮ್ಮವರಿಗೆ ಚೆಂಡು ಒದಗಿಸುವ ಸ್ಥಾನಕ್ಕೆ ಬಂದರು. ಗೋಲು ಹೊಡೆದವನ ಹೆಸರು ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ತಡೆದವನ ಶ್ರಮ ಹೆಚ್ಚಾಗಿ ತೆರೆಮರೆಯಲ್ಲೇ ಉಳಿಯುತ್ತದೆ. ಇತರರ ಏಳಿಗೆಗಾಗಿ ಹಿಂದೆ ನಿಲ್ಲುವ ಈ ಸ್ಥಾನವೇ ಅವರ ಬಾಳಿನುದ್ದಕ್ಕೂ ಅವರದಾಯಿತು.

1942ರಲ್ಲಿ ಅವರಿಗೆ ಕಲ್ಕತ್ತೆಯ ಕಾರ್ಮೈಕೇಲ್ ವೈದ್ಯಕೀಯ ಕಾಲೇಜಿನಲ್ಲಿ ಪ್ರವೇಶ ದೊರೆಯಿತು. 1948ರಲ್ಲಿ ಅದೇ ಕಾಲೇಜಿಗೆ ಆರ್. ಜಿ. ಕರ್ ಅವರ ಹೆಸರನ್ನಿಡಲಾಯಿತು. ಅದೆಂತಹ ಕಾಲದಲ್ಲಿ ಅವರು ಆ ನಗರವನ್ನು ಪ್ರವೇಶಿಸಿದರೆಂಬುದನ್ನು ನೆನೆಯಬೇಕು. 1942ರ ಡಿಸೆಂಬರಿನಲ್ಲಿ ಜಪಾನಿನ ವಿಮಾನಗಳು ಕಲ್ಕತ್ತೆಯ ಮೇಲೆ ಬಾಂಬುಗಳನ್ನು ಸುರಿಸಿದವು. 1943ರಲ್ಲಿ ಬಂಗಾಳದ ಮಹಾ ಕ್ಷಾಮ ಲಕ್ಷಾಂತರ ಜೀವಗಳನ್ನು ಬಲಿ ತೆಗೆದುಕೊಂಡಿತು. 1944ರಲ್ಲಿ ಯುದ್ಧವು ಅವರ ತಾಯ್ನೆಲದ ಕೊಹಿಮಾವನ್ನೇ ರಣರಂಗವನ್ನಾಗಿಸಿತು. 1946ರ ಆಗಸ್ಟಿನಲ್ಲಿ ಕೋಮು ಗಲಭೆಗಳು ಕಲ್ಕತ್ತೆಯ ಬೀದಿಗಳನ್ನು ರಕ್ತಸಿಕ್ತಗೊಳಿಸಿದವು. ಬೆಟ್ಟದಿಂದ ಬಂದ ವಿದ್ಯಾರ್ಥಿಯೊಬ್ಬನು ವೈದ್ಯಶಾಸ್ತ್ರವನ್ನು ಓದಿದ್ದು ಇಂತಹ ನಗರದಲ್ಲಿ.

ಅಲ್ಲಿಗೆ ಹೋದ ಮರುವರ್ಷವೇ, 1943ರಲ್ಲಿ, ಮೋಹನ್ ಬಾಗಾನ್ ತಂಡವು ಅವರನ್ನು ಸೇರಿಸಿಕೊಂಡಿತು. ನಮ್ಮ ಭಾಗದ ಓದುಗರಿಗೆ ಆ ಹೆಸರಿನ ಹಿರಿಮೆಯನ್ನು ಸ್ವಲ್ಪ ತಿಳಿಸಬೇಕು. 1911ರ ಜುಲೈ 29ರಂದು ಐ.ಎಫ್.ಎ. ಶೀಲ್ಡ್ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಬೂಟು ತೊಟ್ಟ ಈಸ್ಟ್ ಯಾರ್ಕ್‌ಶೈರ್ ಸೈನಿಕ ತಂಡವನ್ನು 2-1 ಗೋಲುಗಳಿಂದ ಸೋಲಿಸಿ, ಆಳುವವರನ್ನು ಅವರದೇ ಆಟದಲ್ಲಿ ಮಣಿಸಬಹುದೆಂದು ತೋರಿಸಿದ ತಂಡವದು. ಅಂದು ಹತ್ತು ಮಂದಿ ಬರಿಗಾಲಿನಲ್ಲಿ ಆಡಿದ್ದರು. ಬೂಟು ಧರಿಸಿದ್ದ ಒಬ್ಬರೇ ಆಟಗಾರ ಸುಧೀರ್ ಚಟರ್ಜಿ ಕ್ರೈಸ್ತರಾಗಿದ್ದರು. ಆ ತಂಡದ ಅಂಗಿಯನ್ನು ತೊಟ್ಟು ತಾಲಿಮೆರೆನ್ ಆವೊ ಸುಮಾರು ಒಂಬತ್ತು ವರ್ಷ ಆಡಿದರು, ಅದರ ನಾಯಕತ್ವವನ್ನೂ ವಹಿಸಿದರು. ರಕ್ಷಣಾ ಪಂಕ್ತಿಯ ಸೈಲೇನ್ ಮನ್ನಾ ಅವರ ಆಪ್ತ ಜೊತೆಗಾರರಾಗಿದ್ದರು.

ಹಗಲು ಶವಚ್ಛೇದನದ ಮೇಜು ಮತ್ತು ರೋಗಿಗಳ ವಾರ್ಡು, ಸಂಜೆ ಮೈದಾನ: ಈ ಎರಡನ್ನೂ ನಿಭಾಯಿಸುವುದು ಸುಲಭವಾಗಿರಲಿಲ್ಲ. 1942ರಲ್ಲಿ ಸೇರಿದವರು ವೈದ್ಯಪದವಿ ಪಡೆದದ್ದು 1950ರಲ್ಲಿ. ಎಂಟು ವರ್ಷ ಹಿಡಿಯಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಇಂದು ಒಂದು ವರ್ಷ ಹಿಂದೆ ಬಿದ್ದ ಮಗುವಿನ ಬದುಕೇ ಮುಗಿಯಿತೆಂದು ಕಂಗಾಲಾಗುವ ಮನೆಗಳಿವೆ. ಇವರಾದರೋ ತಡವಾಗಿಯಾದರೂ ಗುರಿ ಮುಟ್ಟಿದರು. ಕೊಟ್ಟ ಮಾತಿಗೆ ದಾರಿ ಉದ್ದವಾದದ್ದು ಮುಖ್ಯವಾಗಲಿಲ್ಲ. ದಾರಿ ತಪ್ಪದಿದ್ದುದು ಮುಖ್ಯವಾಯಿತು.

1948ರಲ್ಲಿ ಲಂಡನ್ನಿನಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದವು. ದೇಶ ಸ್ವತಂತ್ರವಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಭಾರತದ ಫುಟ್‌ಬಾಲ್ ತಂಡದ ನಾಯಕನಾಗಿ ಆಯ್ಕೆಯಾದವರು ನಾಗಾ ಬೆಟ್ಟದ ಈ ವೈದ್ಯವಿದ್ಯಾರ್ಥಿ. ಅಷ್ಟೇ ಅಲ್ಲ, ಜುಲೈ 29ರಂದು ವೆಂಬ್ಲಿ ಕ್ರೀಡಾಂಗಣದ ಉದ್ಘಾಟನಾ ಮೆರವಣಿಗೆಯಲ್ಲಿ ಭಾರತದ ತ್ರಿವರ್ಣ ಧ್ವಜವನ್ನು ಹಿಡಿದು ನಡೆದವರೂ ಅವರೇ. ಮೋಹನ್ ಬಾಗಾನಿನ ಬರಿಗಾಲ ವಿಜಯಕ್ಕೆ ಅಂದು ಸರಿಯಾಗಿ ಮೂವತ್ತೇಳು ವರ್ಷ ತುಂಬಿತ್ತು. ಅದೇ ಒಲಿಂಪಿಕ್ಸ್‌ಗೆ ನಮ್ಮ ಬೆಂಗಳೂರಿನಿಂದಲೂ ಹಲವರು ಹೋಗಿದ್ದರು. ತ್ರಿವಿಧ ಜಿಗಿತದಲ್ಲಿ ಅಂತಿಮ ಸುತ್ತಿಗೇರಿ ಸ್ನಾಯುವಿನ ನೋವಿಗೆ ಸಿಕ್ಕು ಪದಕ ತಪ್ಪಿದ ಹೆನ್ರಿ ರೆಬೆಲ್ಲೊ ಅವರಲ್ಲಿ ಒಬ್ಬರು. ಫುಟ್‌ಬಾಲ್ ತಂಡದಲ್ಲಿಯೂ ಎಸ್. ರಾಮನ್, ಅಹಮದ್ ಖಾನ್ ಮೊದಲಾದ ಬೆಂಗಳೂರಿನ ಆಟಗಾರರಿದ್ದರು.

ಜುಲೈ 31ರಂದು ಇಲ್‌ಫರ್ಡ್ ಎಂಬಲ್ಲಿ ಭಾರತ ತಂಡವು ಫ್ರಾನ್ಸನ್ನು ಎದುರಿಸಿತು. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯವದು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಮೊದಲು ಫ್ರಾನ್ಸ್ ಗೋಲು ಹೊಡೆಯಿತು. 70ನೆಯ ನಿಮಿಷದಲ್ಲಿ ರಾಮನ್ ಗೋಲು ಹೊಡೆದು ಸಮ ಮಾಡಿದರು. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು ಹೀಗೆ ಕನ್ನಡ ನಾಡಿನಿಂದ ಹೋದ ಆಟಗಾರನ ಕಾಲಿನಿಂದ ಬಂತು. ಆದರೆ ದೊರೆತ ಎರಡು ಪೆನಾಲ್ಟಿ ಅವಕಾಶಗಳೂ ವ್ಯರ್ಥವಾದವು. ಪಂದ್ಯ ಮುಗಿಯಲು ಇನ್ನೇನು ಕ್ಷಣಗಳಿವೆ ಎನ್ನುವಾಗ ಫ್ರಾನ್ಸ್ ಎರಡನೆಯ ಗೋಲು ಹೊಡೆದು 2-1ರಿಂದ ಗೆದ್ದಿತು. ಸೋತ ತಂಡವನ್ನೇ ಲಂಡನ್ನಿನ ಪ್ರೇಕ್ಷಕರು ಮೆಚ್ಚಿಕೊಂಡರು. ಬೂಟಿಲ್ಲದೆ ಏಕೆ ಆಡುತ್ತೀರಿ ಎಂದು ಕೇಳಿದ ಪತ್ರಕರ್ತರಿಗೆ ನಾಯಕ ಆವೊ ನಗುತ್ತಲೇ ಉತ್ತರ ಕೊಟ್ಟರಂತೆ: ಆಟದ ಹೆಸರಿನಲ್ಲಿರುವುದು ಕಾಲೇ ಹೊರತು ಬೂಟಲ್ಲ, ಆದುದರಿಂದ ನಾವು ಆಡುವುದು ಫುಟ್‌ಬಾಲ್, ನೀವು ಆಡುವುದು ಬೂಟ್‌ಬಾಲ್ ಎಂಬ ಅರ್ಥದ ಮಾತು ಅದು. ಅದರಲ್ಲಿ ಕೀಳರಿಮೆಯೂ ಇರಲಿಲ್ಲ, ಒರಟುತನವೂ ಇರಲಿಲ್ಲ.

ಅವರ ಬಾಳಿನ ನಿಜವಾದ ಪರೀಕ್ಷೆ ಬಂದದ್ದು ಪಂದ್ಯದ ನಂತರ. ಇಂಗ್ಲೆಂಡಿನ ಪ್ರಖ್ಯಾತ ಆರ್ಸೆನಲ್ ಕ್ಲಬ್ ಅವರ ಆಟವನ್ನು ಮೆಚ್ಚಿ ಒಂದು ವರ್ಷದ ಒಪ್ಪಂದಕ್ಕೆ ಆಹ್ವಾನಿಸಿತೆಂದು ಅವರ ಜೀವನವನ್ನು ಬರೆದವರು ದಾಖಲಿಸಿದ್ದಾರೆ. ಅವರು ಅದನ್ನು ಒಪ್ಪಿಕೊಳ್ಳಲಿಲ್ಲ. ಓದು ಮುಗಿದಿರಲಿಲ್ಲ; ತಂದೆಯ ಆಸೆ ಈಡೇರಿರಲಿಲ್ಲ. ಕಲ್ಕತ್ತೆಗೆ ಹಿಂದಿರುಗಿ ಪುಸ್ತಕ ಬಿಚ್ಚಿದರು. ಎಂ.ಬಿ.ಬಿ.ಎಸ್. ಮುಗಿಸಿದ ಮೇಲೆ ಅಸ್ಸಾಮಿನ ದಿಬ್ರುಗಢದ ವೈದ್ಯಕೀಯ ಕಾಲೇಜಿನಲ್ಲಿ ಕಿವಿ, ಮೂಗು, ಗಂಟಲು ವಿಭಾಗದ ರಿಜಿಸ್ಟ್ರಾರ್ ಆಗಿ ಸೇವೆಗೆ ಸೇರಿದರು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಫುಟ್‌ಬಾಲ್ ತಂಡವು ಚಿನ್ನ ಗೆದ್ದಾಗ ನಾಯಕರಾಗಿದ್ದವರು ಅವರ ಗೆಳೆಯ ಮನ್ನಾ. ಆ ತಂಡದಲ್ಲಿ ಆವೊ ಇರಲಿಲ್ಲ.

1953ರಲ್ಲಿ ಅವರು ಕೊಹಿಮಾದ ಸರಕಾರಿ ಆಸ್ಪತ್ರೆಗೆ ಸಹಾಯಕ ಸಿವಿಲ್ ಸರ್ಜನ್ ಆಗಿ ಬಂದರು. ತಂದೆ ಹೇಳಿದ್ದ ಆ ಜನರ ನಡುವೆ, ತಂದೆ ತೀರಿಕೊಂಡ ಹದಿನೆಂಟು ವರ್ಷಗಳ ಬಳಿಕ, ಮಗನು ವೈದ್ಯನಾಗಿ ನಿಂತನು. ಯುದ್ಧದಲ್ಲಿ ನಲುಗಿದ್ದ ಊರದು. ಸುತ್ತಲಿನ ಬೆಟ್ಟಗಳಲ್ಲಿ ದಾರಿಗಳು ದುರ್ಗಮವಾಗಿದ್ದವು. ಅದೇ ದಶಕದಲ್ಲಿ ನಾಗಾ ಬೆಟ್ಟಗಳಲ್ಲಿ ಸಶಸ್ತ್ರ ಸಂಘರ್ಷವೂ ತಲೆದೋರಿ ಜನಜೀವನ ಕಂಗೆಟ್ಟಿತು. ಸಾವಿರಾರು ಜನರ ಚಪ್ಪಾಳೆಗೆ ಒಗ್ಗಿದ ಕಿವಿಗೆ ಇನ್ನು ಕೇಳಬೇಕಾದದ್ದು ರೋಗಿಯ ಎದೆಬಡಿತ. 1963ರ ಡಿಸೆಂಬರ್ 1ರಂದು ನಾಗಾಲ್ಯಾಂಡ್ ರಾಜ್ಯವು ಉದಯಿಸಿತು. ಆ ವರ್ಷ ಆರೋಗ್ಯ ಸೇವೆಗಳ ನಿರ್ದೇಶಕರ ಹೊಣೆ ಅವರ ಹೆಗಲೇರಿತು. 1978ರಲ್ಲಿ ನಿವೃತ್ತರಾಗುವವರೆಗೆ ಅವರು ಆ ಸೇವೆಯಲ್ಲಿದ್ದರು. ಮೈದಾನದಲ್ಲಿ ನಡುವೆ ನಿಂತು ದಾಳಿಯನ್ನು ತಡೆಯುತ್ತಿದ್ದವರು ಈಗ ಒಂದು ರಾಜ್ಯದ ರೋಗರುಜಿನಗಳ ಎದುರು ಅದೇ ಸ್ಥಾನದಲ್ಲಿ ನಿಂತರು.

1998ರ ಸೆಪ್ಟೆಂಬರ್ 13ರಂದು, ಎಂಬತ್ತು ವರ್ಷ ತುಂಬಿದ್ದ ಅವರು ದೇವರ ಪಾದ ಸೇರಿದರು. ಕೊಹಿಮಾದ ಮಣ್ಣಿನಲ್ಲಿಯೇ ಅವರ ದೇಹಕ್ಕೆ ವಿಶ್ರಾಂತಿ ದೊರೆಯಿತು. ಗೌರವಗಳು ಒಂದೊಂದಾಗಿ ಬಂದವು. ಅವರು ಓದಿದ ಕಾಟನ್ ಕಾಲೇಜಿನ ಒಳಾಂಗಣ ಕ್ರೀಡಾಂಗಣಕ್ಕೂ ಅಸ್ಸಾಮಿನ ಕಲಿಯಾಬರ್‌ನ ಕ್ರೀಡಾಂಗಣಕ್ಕೂ ಅವರ ಹೆಸರನ್ನಿಡಲಾಯಿತು. ಮೋಹನ್ ಬಾಗಾನ್ ಕ್ಲಬ್ 2002ರಲ್ಲಿ ಮರಣೋತ್ತರವಾಗಿ ತನ್ನ ಅತ್ಯುನ್ನತ ಗೌರವವಾದ ಮೋಹನ್ ಬಾಗಾನ್ ರತ್ನವನ್ನು ಅವರಿಗೆ ಸಲ್ಲಿಸಿತು. 2009ರಲ್ಲಿ ಈಶಾನ್ಯ ರಾಜ್ಯಗಳಿಗಾಗಿ ಅವರ ಹೆಸರಿನ ಫುಟ್‌ಬಾಲ್ ಪಂದ್ಯಾವಳಿ ಆರಂಭವಾಯಿತು. ಜನ್ಮಶತಾಬ್ದಿಯ ವರ್ಷವಾದ 2018ರಲ್ಲಿ ಭಾರತೀಯ ಅಂಚೆ ಇಲಾಖೆ ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು.

ಇವರು ಬ್ಯಾಪ್ಟಿಸ್ಟ್ ಸಭೆಗೆ ಸೇರಿದವರಲ್ಲವೇ, ಕಥೋಲಿಕರ ಅಂಕಣದಲ್ಲಿ ಇವರ ಕಥೆಯೇಕೆ ಎಂದು ಯಾರಾದರೂ ಕೇಳಬಹುದು. ನಮ್ಮಿಂದ ಅಗಲಿರುವ ಕ್ರೈಸ್ತ ಸಹೋದರರಲ್ಲಿ ಕಂಡುಬರುವ ನಿಜವಾದ ಕ್ರೈಸ್ತ ಸಂಪತ್ತನ್ನು ಕಥೋಲಿಕರು ಸಂತೋಷದಿಂದ ಗುರುತಿಸಿ ಗೌರವಿಸಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿಯೇ ಬೋಧಿಸಿದೆ. ಮೆಥೊಡಿಸ್ಟ್ ಸಹೋದರರೊಡನೆ ನೆರೆಹೊರೆಯಾಗಿ ಬಾಳುವ ನಮ್ಮ ಭಾಗದ ಕುಟುಂಬಗಳಿಗೆ ಈ ಬೋಧನೆ ಹೊಸದಲ್ಲ. ಒಳ್ಳೆಯ ಮರವನ್ನು ಹಣ್ಣಿನಿಂದ ಗುರುತಿಸಬೇಕೆಂದು ಕಲಿಸಿದವರು ಯೇಸುಸ್ವಾಮಿಯೇ.

ಆಟದ ವಿಷಯದಲ್ಲಿಯೂ ಧರ್ಮಸಭೆಯ ವಿವೇಕ ಹಳೆಯದು. ಅಕ್ವಿನೋದ ಸಂತ ತೋಮಾಸರು ಆಟವನ್ನು ಸದ್ಗುಣಗಳ ಸಾಲಿನಲ್ಲಿಟ್ಟು ಚರ್ಚಿಸಿದ್ದಾರೆ. ದುಡಿದ ದೇಹಕ್ಕೆ ವಿಶ್ರಾಂತಿ ಬೇಕಾದಂತೆ ಯೋಚಿಸಿ ದಣಿದ ಆತ್ಮಕ್ಕೂ ವಿಶ್ರಾಂತಿ ಬೇಕು. ಆಟ ಅದನ್ನು ಕೊಡುತ್ತದೆ ಎಂಬುದು ಅವರ ವಿಚಾರ. ಇದಕ್ಕೆ ಅವರು ಒಂದು ಹಳೆಯ ಕಥೆಯನ್ನು ಆಧಾರವಾಗಿ ತರುತ್ತಾರೆ. ಶುಭಸಂದೇಶಕಾರ ಸಂತ ಯೊವಾನ್ನರು ಶಿಷ್ಯರೊಡನೆ ಆಡುತ್ತಿರುವುದನ್ನು ಕಂಡು ಕೆಲವರು ಬೇಸರಪಟ್ಟರಂತೆ. ಯೊವಾನ್ನರು ಅವರಲ್ಲಿದ್ದ ಬಿಲ್ಲುಗಾರನಿಗೆ ಬಾಣದ ಮೇಲೆ ಬಾಣ ಬಿಡಲು ಹೇಳಿ, ಹೀಗೆಯೇ ನಿಲ್ಲಿಸದೆ ಬಿಡಬಲ್ಲೆಯಾ ಎಂದು ವಿಚಾರಿಸಿದರು. ಬಿಲ್ಲು ಮುರಿದೀತೆಂದು ಅವನು ಹೇಳಿದಾಗ, ಮನುಷ್ಯನ ಮನಸ್ಸೂ ಹಾಗೆಯೇ ಎಂದು ತಿಳಿಸಿಕೊಟ್ಟರು. ಆದರೆ ಸಂತ ತೋಮಾಸರು ಇನ್ನೊಂದು ಬದಿಯನ್ನೂ ಬಿಡುವುದಿಲ್ಲ. ಆಟದ ಅತಿರೇಕವೂ ದೋಷ, ಆಟದ ಅಭಾವವೂ ದೋಷ. ಎಲ್ಲಕ್ಕೂ ಒಂದು ಅಳತೆ ಬೇಕು. ಆ ಅಳತೆಯನ್ನು ಕೊಡುವುದು ಬದುಕಿನ ಗುರಿ. ತಾಲಿಮೆರೆನ್ ಆವೊ ಅವರಿಗೆ ಗುರಿಯೊಂದಿತ್ತು. ಆದುದರಿಂದ ಆಟವನ್ನು ಯಾವಾಗ ಹಿಡಿಯಬೇಕು, ಯಾವಾಗ ಬಿಡಬೇಕು ಎಂಬುದು ಅವರಿಗೆ ತಿಳಿಯಿತು.

ಕೊಟ್ಟ ಮಾತು ಮನುಷ್ಯನನ್ನು ಕಟ್ಟಿಹಾಕುತ್ತದೆಂಬುದು ಇಂದಿನ ಸಾಮಾನ್ಯ ಅನಿಸಿಕೆ. ಮಾತೇ ಕೊಡದವನು ಸ್ವತಂತ್ರನಂತೆ ಕಾಣುತ್ತಾನೆ. ಆದರೆ ಅವನು ಬೀಸಿದ ಗಾಳಿಗೆಲ್ಲ ಹಾರುವ ಹೊಟ್ಟಿನಂತೆ. ಲಂಡನ್ನಿನ ಆಹ್ವಾನ ಬಂದಾಗ ಬೇಡವೆನ್ನಲು ಆವೊ ಅವರಿಗೆ ಶಕ್ತಿ ಬಂದದ್ದು ತಂದೆಯ ಮಾತಿನಿಂದಲೇ. ಮದುವೆಯ ಸಂಸ್ಕಾರದಲ್ಲಿ ನೀಡಿದ ವಚನ, ಗುರುಪಟ್ಟದಲ್ಲಿ ನೀಡಿದ ವಚನ, ಸ್ನಾನದೀಕ್ಷೆಯಲ್ಲಿ ನಮ್ಮ ಪರವಾಗಿ ನೀಡಲಾದ ವಚನ, ಇವೆಲ್ಲವೂ ನಮ್ಮನ್ನು ಹೀಗೆಯೇ ನಿಲ್ಲಿಸುತ್ತವೆ.

ತಂದೆತಾಯಿಗಳೇ, ಮಕ್ಕಳ ಮುಂದೆ ಆಸೆಯೊಂದನ್ನು ಇಡುವಾಗ ಅದು ನಿಮ್ಮ ಗೌರವಕ್ಕಾಗಿಯೋ ಅವರ ಮೂಲಕ ಬೇರೆಯವರಿಗೆ ಆಗಬೇಕಾದ ಒಳಿತಿಗಾಗಿಯೋ ಎಂದು ದೇವರ ಸನ್ನಿಧಿಯಲ್ಲಿ ಕೇಳಿಕೊಳ್ಳಿ. ವೈದ್ಯವೃತ್ತಿಯ ಕರೆ ಇಲ್ಲದ ಮಗುವಿನ ಮೇಲೆ ಅದನ್ನು ಹೇರುವುದು ಸುಬೊಂಗ್‌ವಾಟಿಯವರ ಮಾದರಿಯಲ್ಲ. ಯಾವ ವೃತ್ತಿಯಾದರೂ ಅದು ಜನರಿಗಾಗಿ ಎಂದು ಕಲಿಸುವುದೇ ಅವರ ಮಾದರಿ. ಯುವಕ ಯುವತಿಯರೇ, ಕಲಬುರಗಿ, ಬೆಂಗಳೂರು, ಹೈದರಾಬಾದ್‌ಗಳಿಗೆ ಓದಲು ಹೋಗುವಾಗ ಚಿಂಚೋಳಿಯ ತಾಂಡಾಗಳನ್ನು, ಕಲ್ಲಿನ ಗಣಿಗಳಲ್ಲಿ ಧೂಳು ಕುಡಿದು ಕೆಮ್ಮುವ ಹಿರಿಯರನ್ನು ಮನಸ್ಸಿನಲ್ಲಿ ಹೊತ್ತುಕೊಂಡು ಹೋಗಿ. ನಿಮ್ಮಲ್ಲಿ ಒಬ್ಬರಾದರೂ ಬಿಳಿ ಕೋಟು ತೊಟ್ಟು ಈ ನೆಲಕ್ಕೆ ಹಿಂದಿರುಗಿದರೆ ಅದು ಪದಕಕ್ಕಿಂತ ಮಿಗಿಲು.

ಇನ್ನು ಅಟ್ಟದ ಮೇಲಿರುವ ಚೆಂಡು. ಅದನ್ನು ಸಂಜೆ ಒಂದು ಗಂಟೆಯ ಮಟ್ಟಿಗಾದರೂ ಕೆಳಗಿಳಿಸಿ. ಆಡಿ ಬಂದ ಮಗು ಕೈಕಾಲು ತೊಳೆದು, ಮನೆಮಂದಿಯೊಡನೆ ಜಪಮಾಲೆ ಹೇಳಿ, ದೀಪದ ಮುಂದೆ ಪುಸ್ತಕ ಬಿಚ್ಚಲಿ. ಎಲ್ಲವನ್ನೂ ಅದರದರ ಕಾಲದಲ್ಲಿ ಒಳ್ಳೆಯದಾಗಿ ಮಾಡಿದ ದೇವರು ನಮ್ಮ ಮನೆಗಳ ಮಕ್ಕಳನ್ನು ಹರಸಲಿ.